ಹಳೆ ಕಾಟಾ ಪ್ರೋಗ್ರಾಂ, ಹೊಸ ಕಂಪ್ಯೂಟರ್: ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವ ಬಗೆ

ಜನವರಿ ತಿಂಗಳು, ತೊಗರಿ ಸುಗ್ಗಿ ಜೋರಾಗಿತ್ತು. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ನಿಂದ ಬೆಳಿಗ್ಗೆ ಏಳಕ್ಕೇ ಫೋನ್ ಬಂತು. "ಕಾಟಾ ಕಂಪ್ಯೂಟರ್ ಹೋಗ್ಯಾದ್ರಿ. ಗೇಟಿಗೆ ಒಂಬತ್ತು ಲಾರಿ ನಿಂತಾವ."

ಕಾಟಾ ಅಂದರೆ ಲಾರಿ ತೂಗುವ ವೇಬ್ರಿಡ್ಜ್. ಹೋಗಿ ನೋಡಿದೆ. ಪೆಂಟಿಯಂ 4 ಮಷೀನು, ಒಳಗೆ ವಿಂಡೋಸ್ ಎಕ್ಸ್‌ಪಿ, ಅದರ ಮೇಲೆ ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ತೂಕದ ಪ್ರೋಗ್ರಾಂ. ಕ್ಯಾಬಿನೆಟ್ ಬಿಚ್ಚಿದರೆ ಬೆರಳು ದಪ್ಪ ಹೊಟ್ಟು, ಧೂಳು. ಮದರ್‌ಬೋರ್ಡಿನ ಮೇಲೆ ನಾಲ್ಕು ಕೆಪಾಸಿಟರ್ ತಲೆ ಉಬ್ಬಿ ನಿಂತಿದ್ದವು. ರಾತ್ರಿಯೇ ಕೆಟ್ಟಿದ್ದರಿಂದ ಮಾಲೀಕರು ಹೊಸ ಕಂಪ್ಯೂಟರ್ ತಂದಿಟ್ಟಿದ್ದರು. ವಿಂಡೋಸ್ 11. ಪೆನ್ ಡ್ರೈವ್‌ನಲ್ಲಿ ಇದ್ದ ಹಳೆ ಫೋಲ್ಡರನ್ನು ಅದಕ್ಕೆ ಹಾಕಿ ಡಬಲ್ ಕ್ಲಿಕ್ ಮಾಡಿದ್ದರು. ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ ಅನ್ನೋ ನೀಲಿ ಪಟ್ಟಿ ಬಂದಿತ್ತು.

ಆ ಕೆಲಸ ಮುಗಿಯಲು ನನಗೆ ಮೂರು ದಿನ ಬೇಕಾಯಿತು. ಕಾರಣ, ತೊಂದರೆ ಒಂದಲ್ಲ, ಮೂರಿದ್ದವು. ನಾನು ಮೂರನ್ನೂ ಒಟ್ಟಿಗೆ ಬಿಡಿಸಲು ಹೋಗಿದ್ದೆ. ಹಾಗೆ ಮಾಡಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಂಜಿನ ಅಡತ್ ಅಂಗಡಿ, ಸೇಡಂ, ಜೇವರ್ಗಿ ಕಡೆಯ ಮಿಲ್ಲು, ಪ್ರಿಂಟಿಂಗ್ ಪ್ರೆಸ್ಸು, ಎಲ್ಲಾ ಕಡೆ ಇಂಥ ಹಳೆ ಪ್ರೋಗ್ರಾಂ ಇನ್ನೂ ದುಡಿಯುತ್ತಿವೆ. ಬರೆದವರು ಎಲ್ಲಿದ್ದಾರೋ ಗೊತ್ತಿಲ್ಲ. ಆದರೆ ಪ್ರೋಗ್ರಾಂ ಸರಿಯಾಗಿಯೇ ಇದೆ, ಬದಲಾಗಿರುವುದು ಸುತ್ತಲಿನ ಯಂತ್ರ.

ಒಂದು ಮಾತು. ಕಮಾಂಡುಗಳನ್ನು ಇಲ್ಲಿ ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಅವಸರ ತೆಗೆಯಿರಿ

ಕಂಪ್ಯೂಟರ್ ಸತ್ತರೂ ಕಾಟಾ ಸತ್ತಿರುವುದಿಲ್ಲ. ತೂಕ ಇಂಡಿಕೇಟರ್ ಮೇಲೆ ಕೆಂಪು ಅಂಕಿಯಲ್ಲಿ ಕಾಣುತ್ತಲೇ ಇರುತ್ತದೆ. ಅವತ್ತು ಮಿಲ್ಲಿನ ಹುಡುಗನಿಗೆ ಕಾರ್ಬನ್ ಇಟ್ಟ ರಸೀದಿ ಪುಸ್ತಕ ಕೊಟ್ಟು ಕೈಯಲ್ಲಿ ಬರೆಯಲು ಹೇಳಿದೆವು. ಲಾರಿ ನಂಬರ್, ತುಂಬಿದ ತೂಕ, ಖಾಲಿ ತೂಕ, ಸಮಯ. ಲಾರಿಗಳು ಒಳಗೆ ಹೋದವು. ಆಮೇಲೆ ನನಗೆ ಉಸಿರು ಬಂತು. ನಾನು ನೋಡಿದ ಹಾಗೆ, ಹಳೆ ಡೇಟಾ ಹೋಗುವುದು ಮಷೀನ್ ಕೆಟ್ಟಿದ್ದರಿಂದ ಅಲ್ಲ, ಗೇಟಿನಲ್ಲಿ ಹಾರ್ನ್ ಕೇಳುತ್ತಾ ಗಡಿಬಿಡಿ ಮಾಡಿದ್ದರಿಂದ.

ಎರಡನೆಯದು, ಹಳೆ ಹಾರ್ಡ್ ಡಿಸ್ಕ್. ಅದು ಅಗಲ ಪಟ್ಟಿ ಕೇಬಲ್ಲಿನ 40 ಪಿನ್ ಐಡಿಇ ಡಿಸ್ಕ್ ಆಗಿದ್ದರೆ ಹೊಸ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಯುಎಸ್‌ಬಿ ಕನ್ವರ್ಟರ್ ಬೇಕು, ಅದರ ಜೊತೆಗೆ ಬೇರೆ ಪವರ್ ಅಡಾಪ್ಟರೂ ಬೇಕು. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕಾಗುತ್ತದೆ, ಯುಎಸ್‌ಬಿಯಿಂದ ಅದು ಸಿಗುವುದಿಲ್ಲ. ಹಿಂದಿನ ಜಂಪರ್ 'ಮಾಸ್ಟರ್' ಜಾಗದಲ್ಲಿ ಇರಲಿ. ಡಿಸ್ಕ್ ಕಂಡ ಕೂಡಲೇ ಪ್ರೋಗ್ರಾಂ ಫೋಲ್ಡರ್ ಒಂದನ್ನೇ ಎಳೆದುಕೊಂಡು ಬಿಡಬೇಡಿ. ಕ್ಲೋನ್‌ಜಿಲ್ಲಾದಲ್ಲಿ ಇಡೀ ಡಿಸ್ಕಿನ ಇಮೇಜ್, ಅಂದರೆ ಪಡಿಯಚ್ಚು, ತೆಗೆಯಿರಿ. ಡಿಸ್ಕ್ ಕಟಕಟ ಶಬ್ದ ಮಾಡುತ್ತಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಒಳ್ಳೆಯದು. ಅದು ಓದಲು ಬರುವ ಭಾಗವನ್ನೆಲ್ಲ ಮೊದಲು ತೆಗೆದುಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಬರುತ್ತದೆ.

ಇಡೀ ಡಿಸ್ಕ್ ಯಾಕೆ? ಎಷ್ಟೋ ಸೆಟ್ಟಿಂಗ್ ಫೋಲ್ಡರಿನ ಹೊರಗೆ ಇರುತ್ತವೆ. ನಮ್ಮ ಕಾಟಾ ಪ್ರೋಗ್ರಾಂ ಕ್ಲಿಪ್ಪರ್ ಅನ್ನೋ ಹಳೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಅದಕ್ಕೆ ಆಟೋಎಕ್ಸೆಕ್ ಫೈಲಿನಲ್ಲಿ 'ಸೆಟ್ ಕ್ಲಿಪ್ಪರ್ = ಎಫ್ ಕೋಲನ್ 60' ಅಂತ ಒಂದು ಸಾಲು, ಕಾನ್ಫಿಗ್ ಫೈಲಿನಲ್ಲಿ 'ಫೈಲ್ಸ್ = 80' ಅಂತ ಇನ್ನೊಂದು ಸಾಲು ಇತ್ತು. ಒಂದೇ ಸಲ ಎಷ್ಟು ಫೈಲ್ ತೆರೆಯಬಹುದು ಅಂತ ಹೇಳುವ ಸಾಲುಗಳು ಅವು. ಎಕ್ಸ್‌ಪಿಯಲ್ಲಿ ಇವು ಸಿಸ್ಟಂ32 ಫೋಲ್ಡರಿನ ಒಳಗೆ, ಕೊನೆಗೆ 'ಎನ್‌ಟಿ' ಅಂತ ಇರುವ ಫೈಲುಗಳಲ್ಲಿ ಕೂತಿರುತ್ತವೆ. ಇವಿಲ್ಲದೆ ಪ್ರೋಗ್ರಾಂ ತೆರೆಯುತ್ತದೆ, ಆದರೆ ರಿಪೋರ್ಟ್ ಒತ್ತಿದ ಕೂಡಲೇ ಸಾಯುತ್ತದೆ. ನಾನು ಅರ್ಧ ದಿನ ಕಳೆದದ್ದು ಇಲ್ಲೇ.

ಪ್ರೋಗ್ರಾಂ ತೆರೆಯುತ್ತಿಲ್ಲ

ಈಗ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ. ಪ್ರೋಗ್ರಾಂ ತೆರೆಯುತ್ತಿದೆಯಾ? ಯಂತ್ರದಿಂದ ಅಂಕಿ ಬರುತ್ತಿದೆಯಾ? ಕಾಗದದ ಮೇಲೆ ಬರುತ್ತಿದೆಯಾ? ಒಂದಕ್ಕೆ ಉತ್ತರ ಸಿಗುವವರೆಗೆ ಇನ್ನೊಂದನ್ನು ಮುಟ್ಟಬೇಡಿ.

ಡಾಸ್ ಪ್ರೋಗ್ರಾಂ 16-ಬಿಟ್. ಹೊಸ ವಿಂಡೋಸ್ 64-ಬಿಟ್. 64-ಬಿಟ್ ವಿಂಡೋಸ್‌ನಲ್ಲಿ 16-ಬಿಟ್ ಪ್ರೋಗ್ರಾಂ ನಡೆಸುವ ಭಾಗವೇ ಇಲ್ಲ. ಹಾಗಾಗಿ ರೈಟ್ ಕ್ಲಿಕ್ ಮಾಡಿ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಎಕ್ಸ್‌ಪಿ ಆರಿಸಿದರೂ ಏನೂ ಆಗುವುದಿಲ್ಲ. ಆ ಮೋಡ್ ಇರುವುದು 32-ಬಿಟ್ ಪ್ರೋಗ್ರಾಂಗಳಿಗೆ. ವಿಂಡೋಸ್ 10ರ 32-ಬಿಟ್ ಆವೃತ್ತಿಯಲ್ಲಿ ಎನ್‌ಟಿವಿಡಿಎಂ ಅನ್ನೋ ಭಾಗವನ್ನು ಆನ್ ಮಾಡಿ ಡಾಸ್ ಪ್ರೋಗ್ರಾಂ ನಡೆಸಬಹುದಿತ್ತು. ಆದರೆ ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿ ಬಂದೇ ಇಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ನಾನು ಈಗ ಬಳಸುವುದು ಎರಡೇ ಎಮ್ಯುಲೇಟರ್, ಅಂದರೆ ಹೊಸ ವಿಂಡೋಸ್‌ನ ಒಳಗೆ ಹಳೆ ಡಾಸ್ ಮಷೀನಿನ ವೇಷ ಹಾಕುವ ಪ್ರೋಗ್ರಾಂ. ಬರೀ ಲೆಕ್ಕಪತ್ರದ ಪ್ರೋಗ್ರಾಂ ಆದರೆ ವಿಡಾಸ್. ಅದು ಇಂಥ ವ್ಯವಹಾರದ ಪ್ರೋಗ್ರಾಂಗಳಿಗೆ ಅಂತಲೇ ಮಾಡಿದ್ದು. ಹೊರಗಿನ ಯಂತ್ರದ ಜೊತೆ ಮಾತಾಡಬೇಕಾದರೆ ಡಾಸ್‌ಬಾಕ್ಸ್-ಎಕ್ಸ್. ಇದರಲ್ಲಿ ಸೀರಿಯಲ್ ಪೋರ್ಟ್, ಪ್ರಿಂಟರ್ ಪೋರ್ಟ್, ಪ್ರೊಸೆಸರ್ ವೇಗ ಎಲ್ಲವನ್ನೂ ಹೇಳಿ ಕೂರಿಸಬಹುದು. ವೇಗದ ಮಾತು ಯಾಕೆ ಅಂದರೆ, ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಹಳೆ ಪ್ರೋಗ್ರಾಂಗಳು ಶುರುವಾದ ಕೂಡಲೇ 'ರನ್‌ಟೈಮ್ ಎರರ್ 200' ಅಂತ ನಿಲ್ಲುತ್ತವೆ. ಪ್ರೊಸೆಸರ್ ಎಷ್ಟು ಜೋರು ಅಂತ ಅಳೆಯುವ ಲೆಕ್ಕದಲ್ಲಿ ಹೊಸ ಮಷೀನಿನ ವೇಗಕ್ಕೆ ಅಂಕಿ ತುಂಬಿ ಹೊರಚೆಲ್ಲುತ್ತದೆ, ಅದಕ್ಕೇ ಆ ಎರರ್. ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ 'ಸೈಕಲ್ಸ್' ಇಳಿಸಿದರೆ ಸರಿಹೋಗುತ್ತದೆ.

ಒಂದೇ ಡೇಟಾವನ್ನು ಎರಡು ಮೂರು ಕಂಪ್ಯೂಟರ್‌ನಿಂದ ಬರೆಯುವ ವ್ಯವಸ್ಥೆ ಇದ್ದರೆ ಇಂಥ ಎಮ್ಯುಲೇಟರ್ ಮೇಲೆ ಭರವಸೆ ಇಡಬೇಡಿ. ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಬೀಗ ಸರಿಯಾಗಿ ಬೀಳದಿದ್ದರೆ ಫೈಲ್ ಕೆಡುತ್ತದೆ. ಅಂಥ ಕಡೆ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರ್ ಮಾಡಿಕೊಡುವ ಪ್ರೋಗ್ರಾಂ) ಹಳೆ ವಿಂಡೋಸನ್ನೇ ಕೂರಿಸುವುದು ವಾಸಿ.

ಅಂಕಿ ಬರುತ್ತಿಲ್ಲ

ಎಲ್ಲಕ್ಕಿಂತ ಜಾಸ್ತಿ ಜನ ಸೋಲುವುದು ಇಲ್ಲಿ.

ಕಾಟಾದ ಇಂಡಿಕೇಟರ್‌ನಿಂದ ಒಂದು ಒಂಬತ್ತು ಪಿನ್ನಿನ ಕೇಬಲ್ ಬರುತ್ತದೆ. ಆರ್‌ಎಸ್-232 ಅಂತಾರೆ. ಹಳೆ ಮಷೀನಿನ ಹಿಂದೆ ಅದಕ್ಕೆ ಕಾಮ್ ಪೋರ್ಟ್ ಇತ್ತು. ಹೊಸದರಲ್ಲಿ ಇರುವುದು ಬರೀ ಯುಎಸ್‌ಬಿ. ಪೇಟೆಯಲ್ಲಿ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಸಿಗುತ್ತದೆ. ನಾನು ಮೊದಲ ದಿನ ತಂದದ್ದು ಅಗ್ಗದ್ದು. ಹಾಕಿದ ಕೂಡಲೇ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, 'ಕೋಡ್ 10'. ಅದು ಹೆಸರಾಂತ ಚಿಪ್ಪಿನ ನಕಲು. ಹೊಸ ಡ್ರೈವರ್ ನಕಲಿ ಚಿಪ್ಪನ್ನು ಗುರುತು ಹಿಡಿದು ಒಳಗೆ ಬಿಡುವುದಿಲ್ಲ. ಹಳೆ ಡ್ರೈವರ್ ಹುಡುಕಿ ಹಾಕಿದರೆ ನಡೆಯುತ್ತದೆ, ಆದರೆ ವಿಂಡೋಸ್ ಅಪ್‌ಡೇಟ್ ಬಂದ ದಿನ ಮತ್ತೆ ನಿಲ್ಲುತ್ತದೆ. ಸುಗ್ಗಿಯಲ್ಲಿ ಆ ಆಟ ಬೇಡ. ಸ್ವಲ್ಪ ದುಬಾರಿ ಆದರೂ ಅಸಲಿ ಎಫ್‌ಟಿಡಿಐ ಚಿಪ್ ಇರುವ ಕೇಬಲ್ ತನ್ನಿ. ಡೆಸ್ಕ್‌ಟಾಪ್ ಆದರೆ ಪಿಸಿಐ ಎಕ್ಸ್‌ಪ್ರೆಸ್ ಸೀರಿಯಲ್ ಕಾರ್ಡ್ ಇನ್ನೂ ಒಳ್ಳೆಯದು, ಯಾರೂ ಕಾಲಿಗೆ ಸಿಕ್ಕಿಸಿ ಎಳೆಯಲು ಆಗುವುದಿಲ್ಲ.

ಕೇಬಲ್ ಸರಿ ಇದೆಯೋ ಇಲ್ಲವೋ ಅಂತ ನೋಡಲು ಒಂದು ಸ್ಟೇಪ್ಲರ್ ಪಿನ್ ಸಾಕು. ಕಾಟಾದ ಕೇಬಲ್ ಬಿಚ್ಚಿಡಿ. ಕನ್ವರ್ಟರಿನ ಒಂಬತ್ತು ಪಿನ್ನಿನ ಕಡೆ ನೋಡಿ, ಪಿನ್ನುಗಳ ಬುಡದಲ್ಲಿ ಸಣ್ಣಗೆ ನಂಬರ್ ಬರೆದಿರುತ್ತದೆ. ಮೊಬೈಲ್ ಟಾರ್ಚ್ ಹಾಕಿದರೆ ಕಾಣುತ್ತದೆ. ಐದು ಪಿನ್ನಿನ ಸಾಲಿನಲ್ಲಿ 2 ಮತ್ತು 3 ಪಕ್ಕಪಕ್ಕ ಇರುತ್ತವೆ. 2 ಕೇಳುವ ಪಿನ್, 3 ಹೇಳುವ ಪಿನ್. ಸ್ಟೇಪ್ಲರ್ ಪಿನ್ನನ್ನು ಬಗ್ಗಿಸಿ ಇವೆರಡನ್ನು ಮಾತ್ರ ಮುಟ್ಟುವ ಹಾಗೆ ಸಿಕ್ಕಿಸಿ. ಈಗ ಪುಟ್ಟಿ ಪ್ರೋಗ್ರಾಂ ತೆರೆದು, ಸೀರಿಯಲ್ ಆರಿಸಿ, ಕಾಮ್ ನಂಬರ್ ಕೊಟ್ಟು, ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ ಅಕ್ಷರ ತೆರೆಯ ಮೇಲೆ ಬಂದರೆ ಹೇಳಿದ್ದು ಹೊರಗೆ ಹೋಗಿ, ತಿರುಗಿ ಒಳಗೆ ಬಂದಿದೆ ಅಂತ ಅರ್ಥ. ಪಿನ್ ತೆಗೆದು ಮತ್ತೆ ಟೈಪ್ ಮಾಡಿ, ಏನೂ ಬರಬಾರದು. ಇಷ್ಟಾದರೆ ಕನ್ವರ್ಟರ್, ಡ್ರೈವರ್, ವಿಂಡೋಸ್ ಮೂರೂ ಸರಿ ಇವೆ. ಎರಡು ನಿಮಿಷದ ಈ ಪರೀಕ್ಷೆಯನ್ನು ನಾನು ಮೊದಲ ದಿನವೇ ಮಾಡಿದ್ದರೆ ಒಂದು ಇಡೀ ದಿನ ಉಳಿಯುತ್ತಿತ್ತು.

ಈಗ ಕಾಟಾದ ಕೇಬಲ್ ಹಾಕಿ ಪುಟ್ಟಿಯಲ್ಲೇ ನೋಡಿ. ವೇಗ, ಅಂದರೆ ಬಾಡ್ ರೇಟ್, ಇಂಡಿಕೇಟರಿನದ್ದೂ ನಿಮ್ಮದೂ ಒಂದೇ ಇರಬೇಕು. ಹಳೆ ಮಷೀನಿನ ಸೆಟ್ಟಿಂಗ್ ಬರೆದಿಟ್ಟಿದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ 9600, 4800, 2400, 1200 ಒಂದೊಂದಾಗಿ ನೋಡಿ. ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1 ಅಂತ ಶುರು ಮಾಡಿ. ಅದಾಗದಿದ್ದರೆ 7 ಬಿಟ್, ಈವನ್ ಪ್ಯಾರಿಟಿ. ತೆರೆಯ ಮೇಲೆ ಚಿತ್ರವಿಚಿತ್ರ ಚಿಹ್ನೆ ಬಂದರೆ ಬೇಜಾರಾಗಬೇಡಿ, ಅದು ಒಳ್ಳೆಯ ಸುದ್ದಿ. ತಂತಿಯಲ್ಲಿ ಡೇಟಾ ಬರುತ್ತಿದೆ, ವೇಗ ಮಾತ್ರ ಹೊಂದಿಲ್ಲ. ನಮ್ಮದು 2400ಕ್ಕೆ ಬಂದಾಗ ಚಿಹ್ನೆಗಳೆಲ್ಲ ಹೋಗಿ ಸಾಲಾಗಿ ಅಂಕಿ ಇಳಿಯತೊಡಗಿದವು. ಹೊರಗೆ ಒಬ್ಬ ಹಮಾಲ ಕಾಟಾದ ಮೇಲೆ ಹತ್ತಿ ನಿಂತ. ಅಂಕಿ ಬದಲಾಯಿತು. ಆ ಖುಷಿಯನ್ನು ಹೇಳಲು ಬರುವುದಿಲ್ಲ.

ಏನೂ ಬರದಿದ್ದರೆ ಕೇಬಲ್ 2 ಮತ್ತು 3ನ್ನು ಅದಲು ಬದಲು ಮಾಡಿದೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಿ. ಒಬ್ಬರು ಹೇಳುವ ತಂತಿ ಇನ್ನೊಬ್ಬರು ಕೇಳುವ ತಂತಿಗೆ ಸೇರಬೇಕು. 5ನೇ ಪಿನ್ ಗ್ರೌಂಡ್, ಅದು ಎರಡೂ ಕಡೆ ಇರಲೇಬೇಕು.

ಇಂಡಿಕೇಟರ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದರ ಮೇಲೆ ಕಾನೂನು ಮಾಪನ ಇಲಾಖೆಯ ಸೀಲ್ ಇರುತ್ತದೆ. ಸೀಲ್ ಒಡೆದರೆ ಮತ್ತೆ ಪರಿಶೀಲನೆ, ಮುದ್ರೆ ಆಗುವವರೆಗೆ ಆ ಕಾಟಾದಲ್ಲಿ ವ್ಯಾಪಾರದ ತೂಕ ಮಾಡುವಂತಿಲ್ಲ. ರೈತ ನಂಬುವುದು ಆ ಸೀಲನ್ನೇ.

ಪುಟ್ಟಿಯಲ್ಲಿ ಅಂಕಿ ಬಂದು ಪ್ರೋಗ್ರಾಂನಲ್ಲಿ ಬರದಿದ್ದರೆ ಮೂರು ಕಾರಣ ನೋಡಿ. ಮೊದಲು ಪುಟ್ಟಿ ಮುಚ್ಚಿದ್ದೀರಾ? ಒಂದು ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿಯಬಹುದು. ಎರಡು, ಪೋರ್ಟಿನ ನಂಬರ್. ಹಳೆ ಪ್ರೋಗ್ರಾಂಗೆ ಕಾಮ್ 1ರಿಂದ 4ರವರೆಗೆ ಮಾತ್ರ ಗೊತ್ತು, ವಿಂಡೋಸ್ ಹೊಸ ಕೇಬಲ್ಲಿಗೆ ಕಾಮ್ 7 ಅಂತ ಕೊಟ್ಟಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಕಾಮ್ 1 ಮಾಡಿ. 'ಇನ್ ಯೂಸ್' ಅಂತ ತೋರಿಸಿದರೆ ವ್ಯೂ ಮೆನುವಿನಲ್ಲಿ ಅಡಗಿದ ಡಿವೈಸ್ ತೋರಿಸು ಅಂತ ಒತ್ತಿ. ಹಿಂದೆ ಹಾಕಿ ತೆಗೆದ ಕೇಬಲ್ಲುಗಳು ಮಸುಕಾಗಿ ಕಾಣುತ್ತವೆ, ಅವನ್ನು ತೆಗೆದುಹಾಕಿ. ಕೇಬಲ್ಲನ್ನು ಯಾವಾಗಲೂ ಅದೇ ಯುಎಸ್‌ಬಿ ಕಿಂಡಿಗೆ ಹಾಕಿ, ಜಾಗ ಬದಲಾದರೆ ನಂಬರೂ ಬದಲಾಗಬಹುದು. ಆಮೇಲೆ ಡಾಸ್‌ಬಾಕ್ಸ್-ಎಕ್ಸ್‌ನ ಸೆಟ್ಟಿಂಗ್ ಫೈಲಿನ ಸೀರಿಯಲ್1 ಸಾಲಿನಲ್ಲಿ 'ಡೈರೆಕ್ಟ್‌ಸೀರಿಯಲ್, ಒಂದು ಸ್ಪೇಸ್, ರಿಯಲ್‌ಪೋರ್ಟ್ ಕೋಲನ್ ಕಾಮ್1' ಅಂತ ಬರೆಯಿರಿ.

ಮೂರನೆಯ ಕಾರಣ ನಮ್ಮನ್ನು ಎರಡನೇ ದಿನ ರಾತ್ರಿ ಹನ್ನೊಂದರವರೆಗೆ ಕೂರಿಸಿತು. ಕಾಟಾದ ಕೇಬಲ್ಲಿನಲ್ಲಿ ಇದ್ದದ್ದು ಮೂರೇ ತಂತಿ. ಪ್ರೋಗ್ರಾಂ ಮಾತ್ರ ಇನ್ನೊಂದು ಕಡೆಯಿಂದ 'ನಾನು ಸಿದ್ಧ' ಅನ್ನೋ ಸಂಕೇತಕ್ಕೆ ಕಾಯುತ್ತಿತ್ತು. ಹಳೆ ಮಷೀನಿನ ಹಿಂದೆ ಒಂದು ಸಣ್ಣ ಪ್ಲಗ್ ಸಿಕ್ಕಿಸಿದ್ದು ಆಮೇಲೆ ಕಣ್ಣಿಗೆ ಬಿತ್ತು. ಯಾರೋ ಜಾಣರು ಅದರೊಳಗೆ 7 ಮತ್ತು 8ನ್ನು ಸೇರಿಸಿ, 1, 4, 6ನ್ನು ಸೇರಿಸಿ ಬೆಸುಗೆ ಹಾಕಿದ್ದರು. ಅದು ಕಂಪ್ಯೂಟರಿನ ಸಂಕೇತವನ್ನೇ ತಿರುಗಿಸಿ ಅದಕ್ಕೇ ಕೊಡುತ್ತದೆ. ಹೊಸ ಕೇಬಲ್ಲಿಗೆ ಆ ಪ್ಲಗ್ ಹಾಕಿದ ಕೂಡಲೇ ತೂಕ ಬಂತು. ಹಳೆ ಮಷೀನಿನಿಂದ ಏನು ಬಿಚ್ಚುವ ಮೊದಲೂ ಅದರ ಬೆನ್ನಿನ ಫೋಟೋ ತೆಗೆಯಿರಿ ಅನ್ನುವುದು ಇದಕ್ಕೇ.

ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಊಟ ಮಾಡಿ ಬಂದಾಗ ತೂಕ ನಿಂತಿದ್ದರೆ ವಿಂಡೋಸ್ ಆ ಪೋರ್ಟನ್ನು ಮಲಗಿಸಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ.

ಕಾಗದದ ಮೇಲೆ ಬರುತ್ತಿಲ್ಲ

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಬಿಸಾಡಬೇಡಿ. ಕಾರ್ಬನ್ ಪ್ರತಿಯ ಮೇಲೆ ಪೆಟ್ಟು ಹೊಡೆದು ಅಚ್ಚು ಮೂಡಿಸುವುದು ಅದಕ್ಕೆ ಮಾತ್ರ ಸಾಧ್ಯ. ಎಷ್ಟೋ ಮಾಡೆಲ್ಲುಗಳ ಹಿಂದೆ ಅಗಲ ಪ್ಯಾರಲಲ್ ಪೋರ್ಟಿನ ಪಕ್ಕದಲ್ಲೇ ಚೌಕದ ಯುಎಸ್‌ಬಿ ಕಿಂಡಿಯೂ ಇರುತ್ತದೆ. ಧೂಳು ಒರೆಸಿ ನೋಡಿ.

ತೊಂದರೆ ಏನೆಂದರೆ, ಡಾಸ್ ಪ್ರೋಗ್ರಾಂಗೆ ಗೊತ್ತಿರುವುದು ಎಲ್‌ಪಿಟಿ1, ಅಂದರೆ ಮೊದಲ ಪ್ಯಾರಲಲ್ ಪೋರ್ಟ್, ಒಂದೇ. ಅದಕ್ಕೆ ಹೀಗೆ ಮಾಡಿ. ಪ್ರಿಂಟರನ್ನು 'ಜೆನೆರಿಕ್ ಟೆಕ್ಸ್ಟ್ ಓನ್ಲಿ' ಡ್ರೈವರ್ ಹಾಕಿ ಕೂರಿಸಿ. ಪ್ರೋಗ್ರಾಂ ಕಳಿಸುವ ಸಂಕೇತಗಳನ್ನು ಹಾಗೇ ಮುಂದೆ ದಾಟಿಸಬೇಕು, ವಿಂಡೋಸ್ ಅವನ್ನು ಚಿತ್ರ ಮಾಡಬಾರದು. ಉದಾಹರಣೆಗೆ ಎಪ್ಸನ್ ಮಾದರಿಯಲ್ಲಿ 15 ಅನ್ನೋ ಸಂಕೇತ ಕಳಿಸಿದರೆ ಅಕ್ಷರ ಒತ್ತಾಗಿ ಸಣ್ಣದಾಗುತ್ತದೆ. ಅದು ತಲುಪದಿದ್ದರೆ ರಸೀದಿಯ ಸಾಲು ಮುರಿದು ಎರಡಾಗುತ್ತದೆ. ಆಮೇಲೆ ಪ್ರಿಂಟರನ್ನು ಶೇರ್ ಮಾಡಿ ಒಂದು ಚಿಕ್ಕ ಹೆಸರು ಕೊಡಿ, 'ಕಾಟಾ' ಅಂತಲೇ ಇಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ: ನೆಟ್, ಸ್ಪೇಸ್, ಯೂಸ್, ಸ್ಪೇಸ್, ಎಲ್‌ಪಿಟಿ1 ಕೋಲನ್, ಸ್ಪೇಸ್, ಎರಡು ಬ್ಯಾಕ್‌ಸ್ಲ್ಯಾಶ್, ಕಂಪ್ಯೂಟರಿನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಕಾಟಾ, ಸ್ಪೇಸ್, ಸ್ಲ್ಯಾಶ್ ಪರ್ಸಿಸ್ಟೆಂಟ್ ಕೋಲನ್ ಯೆಸ್. ಇದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಿಟಕಿಯಲ್ಲಿ ಮಾಡಬೇಡಿ, ಅಲ್ಲಿ ಮಾಡಿದ ಜೋಡಣೆ ಮಾಮೂಲಿ ಪ್ರೋಗ್ರಾಂಗೆ ಕಾಣುವುದಿಲ್ಲ. ಡಾಸ್‌ಬಾಕ್ಸ್-ಎಕ್ಸ್‌ನ ಪ್ಯಾರಲಲ್1 ಸಾಲಿನಲ್ಲಿ 'ಫೈಲ್, ಒಂದು ಸ್ಪೇಸ್, ಡೆವ್ ಕೋಲನ್ ಎಲ್‌ಪಿಟಿ1' ಅಂತ ಬರೆಯಿರಿ.

ಇನ್ನು ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಬೀಗದ ಡಾಂಗಲ್, ಅಂದರೆ ಅದಿಲ್ಲದೆ ಪ್ರೋಗ್ರಾಂ ತೆರೆಯದಂತೆ ತಯಾರಕರು ಕೊಟ್ಟ ಸಣ್ಣ ಪ್ಲಗ್. ಯುಎಸ್‌ಬಿಯಿಂದ ಪ್ಯಾರಲಲ್ ಕೇಬಲ್ ಹಾಕಿದರೆ ಅದು ಕೆಲಸ ಮಾಡುವುದಿಲ್ಲ, ದುಡ್ಡು ಹಾಕಬೇಡಿ. ಆ ಕೇಬಲ್ ಪ್ರಿಂಟರಿಗೆ ಮಾತ್ರ, ಅದು ನಿಜವಾದ ಪೋರ್ಟ್ ಅಲ್ಲ. ಪ್ಯಾರಲಲ್ ಪೋರ್ಟಿನ ಕಾರ್ಡ್ ಹಾಕಿದರೂ ಪ್ರೋಗ್ರಾಂ 378 ಅನ್ನೋ ಹಳೆ ವಿಳಾಸದಲ್ಲೇ ಹುಡುಕುತ್ತಿದ್ದರೆ ಸಿಗದೇ ಇರಬಹುದು. ತಯಾರಕರು ಇನ್ನೂ ಇದ್ದರೆ ಯುಎಸ್‌ಬಿ ಡಾಂಗಲ್‌ಗೆ ಬದಲಿಸಿಕೊಡಲು ಕೇಳಿ. ಇಲ್ಲದಿದ್ದರೆ ಪ್ಯಾರಲಲ್ ಪೋರ್ಟ್ ಇರುವ ಹಳೆ ಮಷೀನನ್ನೇ ರಿಪೇರಿ ಮಾಡಿಸಿ, ಇಂಟರ್ನೆಟ್ ತಂತಿ ಕಿತ್ತು ಇಟ್ಟುಕೊಳ್ಳಿ.

ಹೊಸ ಮಷೀನಿಗೆ ಹಳೆ ವಿಂಡೋಸನ್ನೇ ಹಾಕಿಬಿಡೋಣ ಅಂತ ತುಂಬಾ ಜನ ಕೇಳುತ್ತಾರೆ. ಸುಮ್ನೆ ದಿನ ಹೋಗುತ್ತದೆ. ವಿಂಡೋಸ್ 7ರಲ್ಲಿ ಯುಎಸ್‌ಬಿ 3 ಡ್ರೈವರ್ ಇಲ್ಲ, ಇನ್‌ಸ್ಟಾಲ್ ಮಾಡುವಾಗಲೇ ಕೀಬೋರ್ಡ್, ಮೌಸ್ ಸತ್ತು ಕೂರುತ್ತವೆ. ಎಕ್ಸ್‌ಪಿ ಹೊಸ ಡಿಸ್ಕನ್ನು ಗುರುತಿಸದೆ ನೀಲಿ ತೆರೆ ತೋರಿಸುತ್ತದೆ.

ಪ್ರೆಸ್ಸಿನವರಿಗೆ ಒಂದು ಮಾತು. ಹಳೆ ನುಡಿ ತಂತ್ರಾಂಶ ಬೇರೆಲ್ಲ ಕಡೆ ಕನ್ನಡ ಮೂಡಿಸಿ ಪೇಜ್‌ಮೇಕರ್‌ನಲ್ಲಿ ಮಾತ್ರ ಇಂಗ್ಲಿಷ್ ಮೂಡಿಸಿದರೆ ಕೀಬೋರ್ಡನ್ನು ಬೈಯಬೇಡಿ. ಪೇಜ್‌ಮೇಕರ್ ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರುತ್ತದೆ, ನುಡಿ ಮಾಮೂಲಿಯಾಗಿ. ಕೆಳಗಿನ ದರ್ಜೆಯ ಪ್ರೋಗ್ರಾಂ ಮೇಲಿನದರ ಕೀಲಿಗಳನ್ನು ಹಿಡಿಯಲು ವಿಸ್ಟಾ ಕಾಲದಿಂದ ವಿಂಡೋಸ್ ಬಿಡುವುದಿಲ್ಲ. ಎರಡನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ.

ಮೂರನೇ ದಿನ ಸಂಜೆ ಮೊದಲ ರಸೀದಿ ಬಂತು. ಮೇಲೆ ಇಂಗ್ಲಿಷ್‌ನಲ್ಲಿ 'ಗುಲ್ಬರ್ಗ' ಅಂತಲೇ ಇತ್ತು. ಊರಿನ ಹೆಸರು ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ, ಪ್ರೋಗ್ರಾಂಗೆ ಅದು ಗೊತ್ತಿಲ್ಲ. ಮಾಲೀಕರು ಕೇಳಿದರು, "ಇದೊಂದು ತಿದ್ದಾಕ್ ಬರ್ತದೇನ್ರಿ?" ಪ್ರೋಗ್ರಾಂ ಫೈಲಿನ ಒಂದು ಪ್ರತಿ ಮಾಡಿಕೊಂಡು ಎಚ್‌ಎಕ್ಸ್‌ಡಿ ಅನ್ನೋ ಎಡಿಟರ್‌ನಲ್ಲಿ ತೆರೆದೆ. ಅಲ್ಲಿ ಅಕ್ಷರದ ಮೇಲೆ ಅಕ್ಷರ ಬರೆಯಬಹುದು, ಒಂದು ಅಕ್ಷರ ಜಾಸ್ತಿ ಸೇರಿಸುವ ಹಾಗಿಲ್ಲ. ಸೇರಿಸಿದರೆ ಮುಂದಿನದೆಲ್ಲ ಜರುಗಿ ಪ್ರೋಗ್ರಾಂ ಕೆಡುತ್ತದೆ. ಇಂಗ್ಲಿಷ್‌ನಲ್ಲಿ ಗುಲ್ಬರ್ಗ ಎಂಟು ಅಕ್ಷರ, ಕಲಬುರಗಿ ಹತ್ತು. ಆದರೆ ಹೆಸರಿನ ಮುಂದೆ ಒಂದು ಸ್ಪೇಸ್, ಒಂದು ಗೆರೆ, ಮತ್ತೊಂದು ಸ್ಪೇಸ್, ಆಮೇಲೆ ಪಿನ್ ಕೋಡ್ ಇತ್ತು. ಎರಡು ಸ್ಪೇಸ್ ತೆಗೆದುಕೊಂಡೆ. ಹತ್ತು ಅಕ್ಷರ, ಗೆರೆ, ಪಿನ್ ಕೋಡ್, ಸರಿಯಾಗಿ ಕೂತಿತು. ಮರುದಿನ ಬೆಳಿಗ್ಗೆ ಆಳಂದ ಕಡೆಯಿಂದ ಬಂದ ಮೊದಲ ಲಾರಿಯ ರಸೀದಿ ಆ ಹೆಸರಿನಲ್ಲೇ ಹೋಯಿತು. ಕೈಯಲ್ಲಿ ಬರೆದ ಮೂರು ದಿನದ ರಸೀದಿಗಳನ್ನು ಹುಡುಗ ಮಧ್ಯಾಹ್ನದೊಳಗೆ ಕಂಪ್ಯೂಟರಿಗೆ ಏರಿಸಿ ಮುಗಿಸಿದ.